ಇಡೀ ಟೀಮು ನಾಟಕಕ್ಕೆ ಹೊರಟಾಗ: ಆಫೀಸಿನವರಿಗೆ ರಂಗಶಂಕರ ಹೇಗೆ?

ಬೆಂಗಳೂರಿನ ಯಾವ ಆಫೀಸಿಗೆ ಹೋದರೂ ಸಂಜೆ ಆರಾದ ಮೇಲೆ ತಾಲೀಮಿಗೆ ಓಡುವವರು ಒಬ್ಬರಾದರೂ ಸಿಗುತ್ತಾರೆ. ವಾರವೆಲ್ಲ ಕೋಡು, ಶನಿವಾರ ಕೋರಸ್ಸು. ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಟೀಮಿನ ವಾಟ್ಸ್ಯಾಪ್ ಗುಂಪಿಗೆ ಪೋಸ್ಟರ್ ಬೀಳುತ್ತದೆ, ಹದಿನೈದು ಹೆಬ್ಬೆರಳು ಮೇಲೇಳುತ್ತವೆ. ಆಮೇಲೆ ಯೋಚನೆ ಶುರು. ಮ್ಯಾನೇಜರೂ ಬರುತ್ತಾರಾ? ಬಂದರೆ ಅವರ ಪಕ್ಕ ಕೂರುವ ಪುಣ್ಯಾತ್ಮ ಯಾರು? ನಾಟಕ ಸಪ್ಪೆಯಾದರೆ ಮಾರನೆಯ ದಿನ ಆ ನಟನ ಮುಖ ನೋಡುವುದು ಹೇಗೆ?

ಈ ಮುಜುಗರವನ್ನೆಲ್ಲ ಅರ್ಧ ಗಂಟೆಯೊಳಗೆ ಹಿಡಿದಿಟ್ಟ ಕಂತೊಂದು ಅಮೆರಿಕದ 'ದಿ ಆಫೀಸ್' ಧಾರಾವಾಹಿಯಲ್ಲಿದೆ. ಏಳನೆಯ ಸೀಸನ್ನಿನ ಮೂರನೆಯ ಕಂತು, ಹೆಸರು 'ಆ್ಯಂಡೀಸ್ ಪ್ಲೇ', ಪ್ರಸಾರವಾದದ್ದು 2010ರ ಅಕ್ಟೋಬರ್ 7ರಂದು. ಕಾಗದ ಮಾರುವ ಕಂಪನಿಯ ಸೇಲ್ಸ್‌ಮನ್ ಆ್ಯಂಡಿಗೆ ಊರಿನ ಹವ್ಯಾಸಿ ತಂಡದ 'ಸ್ವೀನಿ ಟಾಡ್' ಸಂಗೀತ ನಾಟಕದಲ್ಲಿ ಪಾತ್ರ ಸಿಗುತ್ತದೆ. ಕತ್ತು ಕುಯ್ಯುವ ಕ್ಷೌರಿಕನ ಕಥೆ. ಟೀಮ್ ಔಟಿಂಗಿಗೆ ಆರಿಸಿಕೊಂಡ ವಸ್ತುವೇ ಅಲ್ಲಿಗೆ ಅರ್ಧ ಹಾಸ್ಯ. ಅದೇ ನಾಟಕದ ಆಡಿಷನ್ನಿನಲ್ಲಿ 'ಲಾ ಆ್ಯಂಡ್ ಆರ್ಡರ್' ಧಾರಾವಾಹಿಯ ಒಂದು ಇಡೀ ಕಂತನ್ನು ಒಬ್ಬನೇ ಅಭಿನಯಿಸಿ ತೋರಿಸಿ, ಪಾತ್ರ ಸಿಗದೆ ವಾಪಸಾಗಿದ್ದ ಬಾಸ್ ಮೈಕಲ್ ಈಗ ಪ್ರೇಕ್ಷಕರ ನಡುವೆ ಹೊಟ್ಟೆ ಉರಿಸಿಕೊಂಡು ಕೂತಿರುತ್ತಾನೆ. ರಂಗದ ಮೇಲೆ ಆ್ಯಂಡಿಯ ಮೊಬೈಲ್ ಬಡಿದುಕೊಳ್ಳುತ್ತದೆ. ಕತ್ತಲಲ್ಲಿ ಮೈಕಲ್‌ನ ವೈನ್ ಬಾಟಲಿ ಸದ್ದು ಮಾಡುತ್ತಾ ಉರುಳಿ ಹೋಗುತ್ತದೆ.

ಕಂತು ನಗಿಸುತ್ತದೆ, ಸರಿ. ರಂಗಭೂಮಿ ಬಲ್ಲವರ ಕಣ್ಣಿಗೆ ಅಲ್ಲಿ ಬೀಳುವುದು ಮಾತ್ರ ಬೇರೆ: ಆ ಬಾಟಲಿಯನ್ನು ಒಳಗೆ ಬಿಟ್ಟವರು ಯಾರು? ಆಫೀಸಿನ ಚಾಳಿಯನ್ನು ಬಾಗಿಲಲ್ಲೇ ನಿಲ್ಲಿಸುವ ಜಾಗವಾಗಿದ್ದರೆ ಅರ್ಧ ಅವಾಂತರ ಆಗುತ್ತಲೇ ಇರಲಿಲ್ಲ. ಬೆಂಗಳೂರಿನಲ್ಲಿ ಅಂಥ ಜಾಗ ಒಂದಿದೆ. ಜೆ.ಪಿ. ನಗರ ಎರಡನೇ ಹಂತದ ರಂಗಶಂಕರ.

ಶಂಕರ್ ನಾಗ್ 1990ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಅರುಂಧತಿ ನಾಗ್ ಮತ್ತು ಸಂಕೇತ್ ಟ್ರಸ್ಟ್ ಕಟ್ಟಿಸಿದ ಈ ರಂಗಮಂದಿರ ತೆರೆದದ್ದು 2004ರ ಅಕ್ಟೋಬರಿನಲ್ಲಿ. ಸೋಮವಾರ ಬಿಟ್ಟು ದಿನಕ್ಕೊಂದು ನಾಟಕ ಎಂಬುದು ಮೊದಲಿನಿಂದಲೂ ಇದರ ಹಟ. ಮುನ್ನೂರಕ್ಕೆ ಸ್ವಲ್ಪ ಹೆಚ್ಚು ಆಸನ. ಹೋಗುವಾಗ ಆಟೋ ಹಿಡಿದರೆ ಹಿಂದಿನ ಗಾಜಿನ ಮೇಲೆ ಶಂಕರಣ್ಣನ ಚಿತ್ರವಿರುವ ಸಾಧ್ಯತೆಯೂ ಚೆನ್ನಾಗಿಯೇ ಇದೆ. ಇತಿಹಾಸ ಇಷ್ಟು ಸಾಕು. ಹದಿನೈದು ಜನರನ್ನು ಅಲ್ಲಿಗೆ ಕರೆದೊಯ್ಯುವವರಿಗೆ ಬೇಕಾದ ಲೆಕ್ಕ ಬೇರೆಯೇ ಇದೆ.

ಮೊದಲನೆಯದು ಗಡಿಯಾರ. ವಾರದ ದಿನಗಳಲ್ಲಿ ಸಂಜೆ 7:30ಕ್ಕೆ ಅಂದರೆ 7:30ಕ್ಕೇ. ನಾಟಕಕ್ಕೆ ಮುನ್ನ ಬಾರಿಸುವ ಮೂರು ಗಂಟೆಗಳಲ್ಲಿ ಕೊನೆಯದು ಹೊಡೆದು ಬಾಗಿಲು ಮುಚ್ಚಿದ ಮೇಲೆ ಒಳಗೆ ಬಿಡುವುದಿಲ್ಲ. ಕೈಯಲ್ಲಿ ಟಿಕೆಟ್ ಇದ್ದರೂ ಇಲ್ಲ, ಬಂದವರು ವೈಸ್ ಪ್ರೆಸಿಡೆಂಟ್ ಆದರೂ ಇಲ್ಲ. ಇದನ್ನು ಸೊಕ್ಕು ಎನ್ನುವವರಿದ್ದಾರೆ. ಒಳಗೆ ಕೂತು ನೋಡಿದರೆ ಕಾರಣ ತಿಳಿಯುತ್ತದೆ. ರಂಗ ಮುಂದಕ್ಕೆ ಚಾಚಿಕೊಂಡಿದೆ, ಪ್ರೇಕ್ಷಕರು ಅದರ ಮೂರು ಕಡೆ ಕೂರುತ್ತಾರೆ. ತಡವಾಗಿ ಬಂದವರು ಮೊಬೈಲ್ ಟಾರ್ಚ್ ಹಿಡಿದು ಸೀಟು ಹುಡುಕಿದರೆ ಆ ಬೆಳಕು ಎದುರು ಕೂತವರ ಕಣ್ಣಿಗೂ ನಟರ ಕಣ್ಣಿಗೂ ಒಟ್ಟಿಗೇ ಬೀಳುತ್ತದೆ. ದೊಡ್ಡ ಸಭಾಂಗಣದ ಹಿಂಬಾಗಿಲಿನಿಂದ ನುಸುಳಿದ ಹಾಗಲ್ಲ ಇದು.

ಮೀಟಿಂಗಿಗೆ ಐದು ನಿಮಿಷ ತಡವಾಗಿ ಸೇರಿ 'ಸಾರಿ, ಟ್ರಾಫಿಕ್' ಎನ್ನುವ ಅಭ್ಯಾಸವಿರುವವರೇ ಇಲ್ಲಿ ಹೊರಗುಳಿಯುವುದು. ಹಾಗಾಗಿ ಸಂಘಟಿಸುವವರು ಗುಂಪಿಗೆ 7:30 ಎಂದು ಬರೆಯಲೇಬಾರದು. 6:45 ಎಂದು ಬರೆಯಿರಿ. ಸುಳ್ಳಲ್ಲ, ಸಾಲಿನಲ್ಲಿ ನಿಲ್ಲಬೇಕಾದ ಹೊತ್ತು ಹೆಚ್ಚುಕಡಿಮೆ ಅದೇ.

ಎಲ್ಲಿಂದ ಹೊರಡುತ್ತೀರಿ ಎನ್ನುವುದರ ಮೇಲೆ ಉಳಿದದ್ದು ನಿಂತಿದೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟಿನಲ್ಲಿ ಶುರುವಾದ ಹಳದಿ ಮಾರ್ಗ ವರದಾನ. ರಾಗಿಗುಡ್ಡ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಆಟೋದಲ್ಲಿ ಸ್ವಲ್ಪವೇ ದೂರ. ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಮೇಲಿಂದ ನೋಡಿಕೊಂಡು ಬರುವ ಸುಖ ಟಿಕೆಟ್ ದರದಲ್ಲೇ ಸೇರಿದೆ. ವೈಟ್‌ಫೀಲ್ಡಿನವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ವರೆಗೆ ಬಂದು, ಹಸಿರು ಮಾರ್ಗಕ್ಕೆ ಬದಲಾಯಿಸಿ, ಆರ್.ವಿ. ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಒಂದೇ ಒಂದು ನಿಲ್ದಾಣಕ್ಕಾಗಿ ಹಳದಿ ರೈಲು ಕಾಯುವ ಬದಲು ಅಲ್ಲಿಂದ ಆಟೋ ಹಿಡಿಯುವುದೇ ಬುದ್ಧಿವಂತಿಕೆ. ಒಟ್ಟು ಒಂದೂಮುಕ್ಕಾಲು ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ. ಮಾನ್ಯತಾ, ಬೆಳ್ಳಂದೂರು, ಮಾರತ್ತಹಳ್ಳಿ ಕಡೆಯವರ ಪಾಡು ಕಷ್ಟ. ವರ್ತುಲ ರಸ್ತೆಯಲ್ಲಿ ಸಂಜೆ ಐದೂವರೆಗೆ ಕ್ಯಾಬ್ ಹತ್ತಿದವರು ಏಳೂವರೆಗೆ ಜೆ.ಪಿ. ನಗರದಲ್ಲಿರುತ್ತಾರೆ ಎಂದು ಯಾರೂ ಬರೆದುಕೊಡಲಾರರು. ಅವರು ವಾರಾಂತ್ಯದ ಮಧ್ಯಾಹ್ನದ ಪ್ರದರ್ಶನವಿದ್ದರೆ ಅದನ್ನೇ ಹಿಡಿಯಲಿ. ಭಾನುವಾರ ಸಾಮಾನ್ಯವಾಗಿ 3:30ಕ್ಕೊಂದು, 7:30ಕ್ಕೊಂದು ಇರುತ್ತದೆ. ಸ್ವಂತ ಕಾರು ತರಬೇಡಿ. ಸುತ್ತ ಇರುವುದು ವಸತಿ ಬೀದಿಗಳು. ನಿಲ್ಲಿಸಲು ಜಾಗ ಹುಡುಕುತ್ತಾ ಮೂರು ಸುತ್ತು ಹಾಕುವಷ್ಟರಲ್ಲಿ ಎರಡನೇ ಗಂಟೆ ಹೊಡೆದಿರುತ್ತದೆ.

ಟಿಕೆಟ್ ಬುಕ್‌ಮೈಶೋದಲ್ಲೂ ಸಿಗುತ್ತದೆ, ರಂಗಶಂಕರದ ಕೌಂಟರಿನಲ್ಲೂ ಸಿಗುತ್ತದೆ. ದರ ನಾಟಕದಿಂದ ನಾಟಕಕ್ಕೆ ಬದಲಾಗುತ್ತದೆ. 300 ರೂಪಾಯಿ ಎಂದೇ ಇಟ್ಟುಕೊಂಡರೂ 15 ಜನಕ್ಕೆ 4,500. ಬೌಲಿಂಗ್, ಬ್ರೂವರಿ ಎಂದು ಹೊರಟರೆ ಇಷ್ಟರಲ್ಲಿ ಮೂರು ಜನರ ಬಿಲ್ಲೂ ಮುಗಿಯುವುದು ಅನುಮಾನ. ಒಂದು ಎಚ್ಚರಿಕೆ: ಹದಿನೈದೂ ಟಿಕೆಟ್ಟನ್ನು ಒಬ್ಬರ ಫೋನಿನಲ್ಲಿ ಇಡಬೇಡಿ. ಆ ಒಬ್ಬರು ಬನಶಂಕರಿ ಬಸ್ ನಿಲ್ದಾಣದ ಮುಂದೆ ಸಿಕ್ಕಿಕೊಂಡರೆ ಉಳಿದ ಹದಿನಾಲ್ಕು ಜನ ಬಾಗಿಲ ಮುಂದೆ ಗಂಟೆ ಎಣಿಸುತ್ತಾ ನಿಲ್ಲುತ್ತಾರೆ. ನಾಲ್ಕೈದು ಜನರ ಗುಂಪು ಮಾಡಿ ಬೇರೆ ಬೇರೆ ಕಾಯ್ದಿರಿಸಿ.

ನಟನಾಗಿರುವ ಸಹೋದ್ಯೋಗಿಯ ಹತ್ತಿರ ಪಾಸ್ ಕೇಳುವುದು ದೊಡ್ಡ ತಪ್ಪು. ಹವ್ಯಾಸಿ ತಂಡಕ್ಕೆ ಸಭಾಂಗಣದ ಬಾಡಿಗೆ, ಬೆಳಕು, ಉಡುಪು, ಪ್ರಸಾಧನ, ರಂಗಸಜ್ಜಿಕೆ ಹೊತ್ತು ತರುವ ಟೆಂಪೋ ಎಲ್ಲವೂ ಗೇಟ್ ಕಲೆಕ್ಷನ್ನಿನಿಂದಲೇ ಹೊರಡಬೇಕು. ಕಡಿಮೆ ಬಿದ್ದದ್ದನ್ನು ತುಂಬಿಕೊಡುವುದು ಅದೇ ನಟರ ಸಂಬಳ. ಮೂವತ್ತು ಲಕ್ಷದ ಪ್ಯಾಕೇಜಿನವರು ಮುನ್ನೂರು ರೂಪಾಯಿಯ ಪಾಸಿಗೆ ಕೈಚಾಚುವುದನ್ನು ತಂಡದವರು ಬೇಗ ಮರೆಯುವುದಿಲ್ಲ.

ಆಸನಕ್ಕೆ ಸಂಖ್ಯೆ ಇಲ್ಲ, ಮೊದಲು ಬಂದವರಿಗೆ ಮೊದಲು. ಆಫೀಸಿನ ಗುಂಪು ಸಾಮಾನ್ಯವಾಗಿ ಎಡವುವುದು ಇಲ್ಲೇ. ಇಬ್ಬರು ಮುಂಚೆ ಹೋಗಿ, ಬಿ.ಎಂ.ಟಿ.ಸಿ. ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದ ಹಾಗೆ ಬ್ಯಾಗು, ದುಪ್ಪಟ್ಟಾ ಹರಡಿ ಹದಿಮೂರು ಸೀಟು ಹಿಡಿಯುವುದು ಇಲ್ಲಿ ನಡೆಯುವುದಿಲ್ಲ. ಸಾಲಿನಲ್ಲಿ ಗಂಟೆಗಟ್ಟಲೆ ನಿಂತವರು ಬಾಯಿ ಬಿಟ್ಟೇ ಕೇಳುತ್ತಾರೆ, ಕೇಳುವುದೂ ಸರಿಯೇ. ಎಲ್ಲರೂ ಒಟ್ಟಿಗೆ ಕೂರಬೇಕೆಂದರೆ ಎಲ್ಲರೂ ಒಟ್ಟಿಗೆ ಸಾಲಿನಲ್ಲಿ ನಿಲ್ಲಬೇಕು, ಏಳು ಗಂಟೆಯ ಹೊತ್ತಿಗಾದರೂ. ಆಗದಿದ್ದರೆ ಇಬ್ಬಿಬ್ಬರಾಗಿ ಚದುರಿ ಕೂರಿ. ನಿಜ ಹೇಳಬೇಕೆಂದರೆ ಅದೇ ಒಳ್ಳೆಯದು. ಹದಿನೈದು ಜನ ಒಂದೇ ಕಡೆ ಕೂತ ಗುಂಪು ಗೆಳೆಯ ರಂಗಕ್ಕೆ ಕಾಲಿಟ್ಟ ಕೂಡಲೇ ಜೋಕಿಗೆ ಮೊದಲೇ ನಗಲು ಶುರುಮಾಡುತ್ತದೆ, ಉಳಿದ ಪ್ರೇಕ್ಷಕರು ಆಗ 'ಓಹೋ, ಇವರ ಕಡೆಯವರು' ಎಂದು ಹಿಂದಕ್ಕೆ ಒರಗುತ್ತಾರೆ. ಇದರಿಂದ ಕೆಟ್ಟಿರುವ ದೃಶ್ಯಗಳಿಗೆ ಲೆಕ್ಕವಿಲ್ಲ. ನಟನೂ ಆ ನಗುವಿನ ಕಡೆ ವಾಲುತ್ತಾನೆ, ಎದುರು ಪಾತ್ರದ ಮಾತು ಗಾಳಿಗೆ ಹೋಗುತ್ತದೆ.

ಮೊದಲ ಸಾಲು ಬೇಡ. ಅಲ್ಲಿ ಕೂತವರ ಕಾಲಿಗೂ ನಟರ ಕಾಲಿಗೂ ನಡುವೆ ಹೆಚ್ಚು ಅಂತರವಿಲ್ಲ, ರಂಗದ ಬೆಳಕು ಚೆಲ್ಲಿ ಮುಖವೂ ಬೆಳಗುತ್ತದೆ. ದಿನಾ ಪಕ್ಕದ ಡೆಸ್ಕಿನಲ್ಲಿ ನೋಡುವ ಮುಖ ಎರಡು ಅಡಿ ದೂರದಲ್ಲಿ ಹಲ್ಲು ಕಿರಿದರೆ ಎಂಥ ನಟನೂ ಒಂದು ಕ್ಷಣ ಪಾತ್ರದಿಂದ ಜಾರುತ್ತಾನೆ. ನಡುವಿನ ಭಾಗದ ನಾಲ್ಕನೆಯ ಸಾಲಿನಿಂದ ಹಿಂದಕ್ಕೆ ಕೂರಿ. ಮ್ಯಾನೇಜರನ್ನು ಪಕ್ಕದ ಭಾಗಕ್ಕೆ ಕಳಿಸುವ ಮುನ್ನ ಒಂದು ಸಂಗತಿ ನೆನಪಿರಲಿ: ಅಲ್ಲಿ ಕೂತವರು ತೂಕಡಿಸಿದರೆ ಎದುರು ಭಾಗದ ಎಲ್ಲರಿಗೂ ಕಾಣುತ್ತದೆ.

ಇನ್ನು ಸದ್ದು. ಇಲ್ಲಿ ಬಹುಪಾಲು ನಾಟಕಗಳು ಮೈಕಿಲ್ಲದೆ ನಡೆಯುತ್ತವೆ. ನಟರ ಪಿಸುಮಾತು ಕೊನೆಯ ಸಾಲಿಗೆ ಕೇಳುವ ಜಾಗದಲ್ಲಿ ಕೊನೆಯ ಸಾಲಿನ ಚಿಪ್ಸ್ ಪೊಟ್ಟಣವೂ ರಂಗಕ್ಕೆ ಕೇಳುತ್ತದೆ. ಅದಕ್ಕೇ ಒಳಗೆ ತಿಂಡಿಯೂ ಇಲ್ಲ, ಪಾನೀಯವೂ ಇಲ್ಲ. ಮೈಕಲ್‌ನ ಬಾಟಲಿ ಈ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸಾಲುಗಳಲ್ಲಿ ಉರುಳಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. ಇಲ್ಲಿ ನೋಡಿದ ಮೇಲೆ ಕೆಲವು ನಿಯಮಗಳು ಕಟ್ಟಡದ ಆಕಾರದಿಂದಲೇ ಹುಟ್ಟಿದವು ಅನ್ನಿಸುವುದು ಇಂಥದ್ದಕ್ಕೆ.

ಫೋನನ್ನು ಸೈಲೆಂಟಿಗೆ ಹಾಕಿದರೆ ಸಾಲದು. ಬೆಂಗಳೂರಿನ ಐ.ಟಿ. ಗುಂಪಿಗೆಂದೇ ಇರುವ ಅಪಾಯ ಒಂದುಂಟು. ಆನ್‌ಕಾಲ್ ಇರುವವರ, ಅಂದರೆ ಸರ್ವರ್ ಕೆಟ್ಟರೆ ಯಾವ ಹೊತ್ತಿನಲ್ಲೂ ಎದ್ದು ನೋಡಬೇಕಾದ ಪಾಳಿಯವರ, ಪೇಜರ್‌ಡ್ಯೂಟಿಯಂಥ ಎಚ್ಚರಿಕೆಯ ಆ್ಯಪ್‌ಗಳನ್ನು ಸೈಲೆಂಟ್ ಮೋಡನ್ನೂ ಮೀರಿ ಕೂಗುವಂತೆ ಹೊಂದಿಸಿರುತ್ತಾರೆ, ಕೂಗುವುದೇ ಅವುಗಳ ಕೆಲಸ. ಸರ್ವರ್ ಬಿದ್ದದ್ದು ಎರಡನೇ ಅಂಕದಲ್ಲಿ ಇಡೀ ಸಭೆಗೆ ತಿಳಿಯುತ್ತದೆ. ಆ ವಾರ ಆನ್‌ಕಾಲ್ ಇರುವವರು ಸಂಜೆಯ ಪಾಳಿಯನ್ನು ಬೇರೆಯವರಿಗೆ ವಹಿಸಿ ಫೋನನ್ನು ಪೂರ್ತಿ ಆಫ್ ಮಾಡಲಿ, ಇಲ್ಲವೇ ಬೇರೆ ದಿನ ಬರಲಿ. ಅಲಾರಂ ಕೂಡ ಸೈಲೆಂಟಿಗೆ ಬಗ್ಗುವುದಿಲ್ಲ. ಎಂಟೂವರೆಗೆ ಮಾತ್ರೆ ನೆನಪಿಸುವ ಅಲಾರಂ ಇದ್ದರೆ ತೆಗೆದುಹಾಕಿ. ಕೈಯೆತ್ತಿದಾಗಲೆಲ್ಲ ಬೆಳಗುವ ಸ್ಮಾರ್ಟ್ ವಾಚು ಕತ್ತಲಲ್ಲಿ ಮಿಣುಕುಹುಳು. ಬಿಚ್ಚಿ ಬ್ಯಾಗಿಗೆ ಹಾಕಿ.

ಆ್ಯಂಡಿಯ ಹಾಗೆ ರಂಗದ ಮೇಲೆ ಫೋನ್ ಬಾರಿಸುವುದು ಧಾರಾವಾಹಿಯ ಉತ್ಪ್ರೇಕ್ಷೆ ಎಂದುಕೊಳ್ಳಬೇಡಿ. ಆಫೀಸಿನಿಂದ ನೇರ ಗ್ರೀನ್‌ರೂಮಿಗೆ ಓಡಿಬಂದ ನಟ ಪ್ಯಾಂಟಿನ ಮೇಲೆಯೇ ಪಂಚೆ ಸುತ್ತಿದರೆ ಮುಗಿಯಿತು, ಫೋನ್ ಜೇಬಿನಲ್ಲೇ ಉಳಿದಿರುತ್ತದೆ. ಶಿಸ್ತಿನ ತಂಡಗಳಲ್ಲಿ ನೇಪಥ್ಯ ನೋಡಿಕೊಳ್ಳುವವರು ಮೊದಲ ಗಂಟೆಗೆ ಮುನ್ನ ಎಲ್ಲರ ಫೋನನ್ನೂ ಒಂದು ಡಬ್ಬಿಗೆ ತುಂಬಿಸಿಕೊಳ್ಳುತ್ತಾರೆ. ನೀವು ಮಾಡಬಹುದಾದ ಉಪಕಾರವೆಂದರೆ ಏಳು ಗಂಟೆಯ ನಂತರ ಅವರಿಗೆ 'ಎಲ್ಲಿದೀಯಾ, ನಾವು ಬಂದ್ವಿ' ಎಂದು ಕರೆ ಮಾಡದಿರುವುದು.

ಯಾವ ನಾಟಕ ಎನ್ನುವುದು ನಿಮ್ಮ ಕೈಯಲ್ಲಿದ್ದರೆ ಮಾತ್ರ ಮುಂದಿನ ಮಾತು. ಟೀಮಿನಲ್ಲಿ ಕನ್ನಡ ಬಾರದವರು ಅರ್ಧ ಜನ ಇರುವುದು ಇಂದು ಸಾಮಾನ್ಯ. ಪರದೆಯ ಮೇಲೆ ಅನುವಾದ ಬರುತ್ತದೆಂದು ನಂಬಿ ಕೂರಬೇಡಿ. ಮಾತಿನ ಮೇಲೆಯೇ ನಿಂತ, ಎರಡು ಕುರ್ಚಿ ಒಂದು ಮೇಜಿನ ನಾಟಕ ಅವರಿಗೆ ತೊಂಬತ್ತು ನಿಮಿಷದ ಶಿಕ್ಷೆ. ಹಾಡು, ಕುಣಿತ, ಮೇಳ ಇರುವ ನಾಟಕ ಭಾಷೆ ಬಾರದವರನ್ನೂ ಎಳೆದುಕೊಳ್ಳುತ್ತದೆ. ಬಿ.ವಿ. ಕಾರಂತರು ರಂಗಸಂಗೀತಕ್ಕೆ ಹಾಕಿಕೊಟ್ಟ ದಾರಿಯಲ್ಲಿ ನಡೆಯುವ ತಂಡಗಳಿಗೆ ಇಲ್ಲಿ ಬರವಿಲ್ಲ. ಪುರಂದರದಾಸರ ಪದಗಳನ್ನು ಹೆಣೆದು ಮಠದ ರಾಜಕೀಯವನ್ನು ಗೇಲಿ ಮಾಡುವ 'ಸತ್ತವರ ನೆರಳು' ಇಂಥ ಗುಂಪಿಗೆ ಹೇಳಿ ಮಾಡಿಸಿದ್ದು. ಕತೆಯ ಸಾರವನ್ನು ಐದು ಸಾಲಿನಲ್ಲಿ ಮೊದಲೇ ಗುಂಪಿಗೆ ಕಳಿಸಿ. ಒಳಗೆ ಕೂತು ಕಿವಿಯಲ್ಲಿ ಅನುವಾದ ಮಾಡುವ ಕೆಲಸ ತಪ್ಪುತ್ತದೆ.

ಕಂಬಾರರ 'ಜೋಕುಮಾರಸ್ವಾಮಿ'ಯ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಿ. ನಾಟಕ ಅದ್ಭುತ, ಹಾಡುಗಳು ತಲೆಯಿಂದ ಇಳಿಯುವುದಿಲ್ಲ. ಆದರೆ ಅದು ಮಕ್ಕಳಿಲ್ಲದ ಗೌಡ, ಪಡವಲಕಾಯಿ ಪಲ್ಯ, ಅದನ್ನು ಉಂಡ ಬಸಣ್ಣ, ಗೌಡತಿ ಇವರ ಕಥೆ. ಪಡವಲಕಾಯಿಯ ಅರ್ಥವನ್ನು ಎಚ್.ಆರ್. ವಿಭಾಗದವರು ಪಕ್ಕಕ್ಕೆ ತಿರುಗಿ ಕೇಳಿದರೆ ಉತ್ತರಿಸುವವರು ಯಾರೆಂದು ಮೊದಲೇ ತೀರ್ಮಾನಿಸಿಕೊಂಡು ಹೋಗಿ. ಮೇಲಾಗಿ ನೆಲ ಉತ್ತವನದ್ದೋ ದರ್ಪದ ಗೌಡನದ್ದೋ ಎಂದು ಕೇಳುವ ನಾಟಕವನ್ನು ಅಪ್ರೈಸಲ್ ತಿಂಗಳಲ್ಲಿ ಬಾಸ್ ಪಕ್ಕ ಕೂತು ನೋಡುವುದಕ್ಕೂ ಗುಂಡಿಗೆ ಬೇಕು.

ಅವಧಿ, ವಿರಾಮ, ವಯಸ್ಸಿನ ಮಿತಿ ಈ ಮೂರನ್ನೂ ಟಿಕೆಟ್ ಪುಟದಲ್ಲಿ ನೋಡಿಕೊಳ್ಳಿ. ವಿರಾಮವಿಲ್ಲದ ನಾಟಕವಾದರೆ 7:20ಕ್ಕೆ ಎರಡನೇ ಕಾಫಿ ಬೇಡ. ನಡುವೆ ಎದ್ದು ಹೋದವರು ವಾಪಸ್ ಒಳಗೆ ಬರುವ ಭರವಸೆ ಇಟ್ಟುಕೊಳ್ಳಬಾರದು. ಪುಟ್ಟ ಮಗುವಿರುವವರ ಪ್ರಶ್ನೆ ಆ ಕಂತಿನಲ್ಲೂ ಇದೆ. ಅದೇ ಆಫೀಸಿನ ದಂಪತಿ ಜಿಮ್ ಮತ್ತು ಪ್ಯಾಮ್ ನಾಟಕಕ್ಕೆ ಹೋಗಲೆಂದು ಅವರ ಕೂಸನ್ನು ನೋಡಿಕೊಳ್ಳಲು ಸಹೋದ್ಯೋಗಿ ಎರಿನ್ ಒಪ್ಪುತ್ತಾಳೆ, ತಮಾಷೆಯೆಂದರೆ ಆ್ಯಂಡಿ ನಾಟಕಕ್ಕೆ ಬರಲೆಂದು ಕಾದಿದ್ದದ್ದೇ ಎರಿನ್‌ಗೆ. ಎರಡು ಪ್ರದರ್ಶನಗಳಿದ್ದರೆ ಗಂಡ ಒಂದಕ್ಕೆ, ಹೆಂಡತಿ ಇನ್ನೊಂದಕ್ಕೆ ಎನ್ನುವುದು ಇದಕ್ಕೆ ಸರಳ ಪರಿಹಾರ. ಮಕ್ಕಳಿಗೆಂದೇ ಆಡುವ ನಾಟಕಗಳು ರಂಗಶಂಕರದಲ್ಲಿ ಬೇರೆ ಇವೆ, ಕೂಸನ್ನು ಅವಕ್ಕೆ ಕರೆತನ್ನಿ.

ಕೆಳಗಿನ ಕೆಫೆ ಸಾಬುದಾನ ವಡೆಗೂ ಅಕ್ಕಿ ರೊಟ್ಟಿಗೂ ಹೆಸರು ಮಾಡಿದ ಜಾಗ. ಏಳರಿಂದ ಏಳು ಇಪ್ಪತ್ತರವರೆಗೆ ಅಲ್ಲಿ ಕಾಲಿಡಲಾಗುವುದಿಲ್ಲ. ಹದಿನೈದು ಪ್ಲೇಟು ಬೇಕೆಂದರೆ ಆರೂವರೆಗೇ ಹೇಳಿ, ತಿಂದು, ಕೈ ತೊಳೆದು ಸಾಲಿಗೆ ಬನ್ನಿ. ಪುಟ್ಟ ಪುಸ್ತಕದ ಅಂಗಡಿಯೂ ಇದೆ. ಬಾಸ್ ಜೊತೆ ಮಾತು ಮುಗಿದುಹೋದಾಗ ಬೆನ್ನು ತಿರುಗಿಸಿ ನಿಲ್ಲಲು ಅದಕ್ಕಿಂತ ಗೌರವದ ಸ್ಥಳ ಇನ್ನೊಂದಿಲ್ಲ.

ಬೇರೆ ರಂಗಮಂದಿರಗಳ ಜೊತೆ ಹೋಲಿಸಿದರೆ? ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ ದೊಡ್ಡದು, ಐವತ್ತು ಜನರ ಗುಂಪಾದರೂ ಸಲೀಸಾಗಿ ಸೇರಿಹೋಗುತ್ತದೆ, ತಡವಾಗಿ ಬಂದವರೂ ಒಳಗೆ ಸೇರಿಕೊಳ್ಳಬಹುದು. ಬದಲಿಗೆ ನಾಟಕಕ್ಕೆ ಮುಂಚೆ ಅಥವಾ ನಡುವೆ ಹಾರ, ಶಾಲು, ನಾಲ್ಕು ಭಾಷಣ ಸಹಿಸಿಕೊಳ್ಳುವ ತಯಾರಿ ಇರಲಿ. ಹನುಮಂತನಗರದ ಕೆ.ಎಚ್. ಕಲಾಸೌಧ ಹವ್ಯಾಸಿ ತಂಡಗಳ ತವರು, ನಿಮ್ಮ ಸಹೋದ್ಯೋಗಿಯ ನಾಟಕ ಅಲ್ಲಿಯೇ ಇರುವ ಸಾಧ್ಯತೆ ಹೆಚ್ಚು. ವೈಟ್‌ಫೀಲ್ಡ್ ಕಡೆಯವರು ಇಂಗ್ಲಿಷ್ ನಾಟಕ ಸಾಕೆಂದರೆ ಜಾಗೃತಿ ಹತ್ತಿರ. ಮಲ್ಲೇಶ್ವರದ ಪಿಟೀಲಿನಾಕಾರದ ಚೌಡಯ್ಯ ಸ್ಮಾರಕ ಭವನ ಸಂಗೀತಕ್ಕೆ ಸೈ, ಸಣ್ಣ ನಾಟಕಕ್ಕೆ ತೀರಾ ವಿಶಾಲ. ಆಫೀಸಿನ ಗುಂಪು ಮೊದಲ ಸಲ ನಾಟಕ ನೋಡಲು ಹೊರಟಿದ್ದರೆ ನಮ್ಮ ಮತ ರಂಗಶಂಕರಕ್ಕೇ. ಗದರಿಸುವ ಕೆಲಸವನ್ನು ಜಾಗವೇ ಮಾಡುತ್ತದೆ, ಸಂಘಟಿಸಿದವರು ಕೆಟ್ಟವರಾಗಬೇಕಿಲ್ಲ.

ನಾಟಕ ಮುಗಿದು ನಟರು ಕೈಮುಗಿದ ಮೇಲೆ ಇನ್ನೊಂದು ಪರೀಕ್ಷೆ ಉಳಿದಿದೆ. ಹೊರಾಂಗಣದಲ್ಲಿ ಸ್ವಲ್ಪ ಹೊತ್ತು ಕಾಯಿರಿ, ಗ್ರೀನ್‌ರೂಮಿಗೆ ನುಗ್ಗಬೇಡಿ. ಉಡುಪು ಮಡಚಿ, ಸಾಮಾನು ಎಣಿಸಿ, ರಂಗ ಖಾಲಿ ಮಾಡುವ ಗಡಿಬಿಡಿ ಅಲ್ಲಿ ನಡೆದಿರುತ್ತದೆ. ನಟ ಹೊರಬಂದಾಗ 'ಸೂಪರ್ ಮಗಾ' ಎಂದರೆ ಅವನಿಗೆ ಏನೂ ಸಿಗಲಿಲ್ಲ. 'ಆ ಪತ್ರ ಓದುವಾಗ ನಿಲ್ಲಿಸಿದೆಯಲ್ಲ, ಅದು ಹಿಡಿಸಿತು' ಎಂಬಂಥ ಒಂದೇ ಒಂದು ಖಚಿತ ಮಾತು ಸಾಕು, ನಾಟಕ ಇಷ್ಟವಾಗದಿದ್ದರೂ ಅಂಥದ್ದೊಂದು ಸಿಕ್ಕೇ ಸಿಗುತ್ತದೆ. 'ಇಷ್ಟೊಂದು ಮಾತು ಹೇಗೆ ನೆನಪಿಟ್ಟುಕೊಂಡೆ' ಎಂದು ಮಾತ್ರ ಕೇಳಬೇಡಿ. ನಟನೆಯ ಬಗ್ಗೆ ಹೇಳಲು ಏನೂ ಇಲ್ಲದವರು ಕೇಳುವ ಪ್ರಶ್ನೆ ಅದೆಂದು ಪ್ರತಿಯೊಬ್ಬ ನಟನಿಗೂ ಗೊತ್ತು. ಆ ಕಂತಿನ ಕೊನೆಗೆ ಮೈಕಲ್ ಕೂಡ ಹೊಟ್ಟೆಕಿಚ್ಚು ಮರೆತು ಆ್ಯಂಡಿಯ ಹತ್ತಿರ ಹಾಡು ಹೇಳಿಸುತ್ತಾನೆ, ಉಳಿದವರೂ ದನಿಗೂಡಿಸುತ್ತಾರೆ. ಜೆ.ಪಿ. ನಗರದ ನಿವಾಸಿಗಳು ಮಲಗುವ ಹೊತ್ತು, ನೀವು ಅಷ್ಟರ ಮಟ್ಟಿಗೆ ಹೋಗಬೇಕಿಲ್ಲ.

ಊಟಕ್ಕೆ ಹೋಗುವುದಾದರೆ ಬೇಗ ಹೊರಡಿ, ಹತ್ತರ ಹೊತ್ತಿಗೆ ದರ್ಶಿನಿಗಳ ಷಟರ್ ಅರ್ಧಕ್ಕೆ ಇಳಿದಿರುತ್ತದೆ. ನಟನನ್ನೂ ಕರೆದುಕೊಂಡು ಹೋಗಿ, ತಾಲೀಮಿನ ದಿನಗಳಲ್ಲಿ ಅವನು ಸರಿಯಾಗಿ ಉಂಡಿರುವುದಿಲ್ಲ. ಬಣ್ಣ ಪೂರ್ತಿ ಇಳಿಸಲು ಸೋಪು ಸಾಲದು, ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಒರೆಸಬೇಕು. ಅವಸರದಲ್ಲಿ ಅದನ್ನು ಬಿಟ್ಟಿದ್ದರೆ ಬೆಳಿಗ್ಗೆ ಹತ್ತರ ಸ್ಟ್ಯಾಂಡಪ್ ಮೀಟಿಂಗಿನ ಕಾಲ್‌ನಲ್ಲಿ ಕ್ಯಾಮೆರಾ ಆನ್ ಆದಾಗ ಅವನ ಕಣ್ಣಂಚಿನಲ್ಲಿ ಕಾಡಿಗೆ ಇನ್ನೂ ಇರುತ್ತದೆ.